ಪ್ರಾಕ್ಸಿಯಲ್ಲಿ ಎಡಿಟ್, ಮೂಲ ಫೂಟೇಜ್‌ನಲ್ಲಿ ಗ್ರೇಡಿಂಗ್: ಎಕ್ಸ್‌ಎಂಎಲ್, ಎಎಎಫ್, ಇಡಿಎಲ್, ಯಾವ ದಾರಿ ಯಾರಿಗೆ?

ಕ್ಯಾಮೆರಾ ಕೊಡುವ ದೊಡ್ಡ ಫೈಲ್‌ಗಳನ್ನು ನಮ್ಮ ಲ್ಯಾಪ್‌ಟಾಪ್ ಎಳೆಯುವುದಿಲ್ಲ, ಹಾಗಾಗಿ ಅವುಗಳ ಹಗುರ ನಕಲು, ಅಂದರೆ ಪ್ರಾಕ್ಸಿ, ಮಾಡಿಕೊಂಡು ಎಡಿಟ್ ಮಾಡುತ್ತೇವೆ. ಒಂದೇ ಸಾಫ್ಟ್‌ವೇರ್‌ನಲ್ಲಿ ಇರುವ ತನಕ ಇದರಲ್ಲಿ ಕಷ್ಟವಿಲ್ಲ. ಎಡಿಟ್ ಪ್ರೀಮಿಯರ್‌ನಲ್ಲೋ ಫೈನಲ್ ಕಟ್‌ನಲ್ಲೋ ಮುಗಿದು, ಗ್ರೇಡಿಂಗ್‌ಗೆಂದು (ಬಣ್ಣ ತಿದ್ದಲು) ಡಾವಿಂಚಿ ರಿಸಾಲ್ವ್‌ಗೆ ಹೋಗಬೇಕಾದಾಗ ಗೊಂದಲ ಶುರುವಾಗುತ್ತದೆ. ಟೈಮ್‌ಲೈನನ್ನು ಯಾವ ರೂಪದಲ್ಲಿ ಕಳಿಸಬೇಕು, ಎಕ್ಸ್‌ಎಂಎಲ್, ಎಎಎಫ್, ಇಡಿಎಲ್ ಎಂಬ ಕಟ್‌ಗಳ ಪಟ್ಟಿಯ ಫೈಲ್‌ಗಳಲ್ಲಿ ಯಾವುದು? ಮೂಲ ಫೈಲ್‌ಗಳನ್ನು ಇಲ್ಲೇ ಜೋಡಿಸಿ ಕಳಿಸಬೇಕೋ, ಅಲ್ಲಿ ಹೋದ ಮೇಲೆ ಜೋಡಿಸಬೇಕೋ? ಅಥವಾ ಮೊದಲಿನಿಂದಲೂ ರಿಸಾಲ್ವ್‌ನಲ್ಲೇ ಎಡಿಟ್ ಮಾಡಿಬಿಟ್ಟರೆ ಹೇಗೆ?

ಎಲ್ಲ ದಾರಿಗಳನ್ನೂ ಒಂದೊಂದಾಗಿ ತೂಗಿ ನೋಡೋಣ. ಅದಕ್ಕೂ ಮೊದಲು ಅಳತೆಗೋಲು ಸರಿಯಾಗಿರಬೇಕು. ರೀಲಿಂಕ್ (ಪ್ರಾಕ್ಸಿಯ ಜಾಗಕ್ಕೆ ಮೂಲ ಫೈಲ್ ಜೋಡಿಸುವುದು) ಕೈಕೊಟ್ಟಾಗ ಹೆಚ್ಚಿನವರು ಸಾಫ್ಟ್‌ವೇರನ್ನು ದೂರುತ್ತಾರೆ, ಆದರೆ ಕಾರಣ ಸಾಮಾನ್ಯವಾಗಿ ಪ್ರಾಕ್ಸಿ ಮಾಡಿದ ದಿನವೇ ಹುಟ್ಟಿರುತ್ತದೆ.

ಮೊದಲ ಅಳತೆ: ಪ್ರಾಕ್ಸಿಗೆ ಮೂಲದ ಗುರುತು ಇದೆಯೇ?

ಯಾವ ಸಾಫ್ಟ್‌ವೇರ್ ಆದರೂ ಪ್ರಾಕ್ಸಿಯನ್ನು ಮೂಲಕ್ಕೆ ಜೋಡಿಸುವಾಗ ನೋಡುವುದು ನಾಲ್ಕು ಸಂಗತಿ: ಫೈಲ್ ಹೆಸರು, ಆರಂಭದ ಟೈಮ್‌ಕೋಡ್ (ಪ್ರತಿ ಫ್ರೇಮ್‌ನ ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ಗುರುತು), ರೀಲ್ ಹೆಸರು (ಯಾವ ಕಾರ್ಡ್‌ನದು ಎಂಬ ಗುರುತು), ಫ್ರೇಮ್ ರೇಟ್ ಮತ್ತು ಉದ್ದ. ಆ್ಯರಿ, ರೆಡ್ ಥರದ ಸಿನಿಮಾ ಕ್ಯಾಮೆರಾಗಳಲ್ಲಿ ಕ್ಯಾಮೆರಾದ ಅಕ್ಷರ, ಕಾರ್ಡ್ ಸಂಖ್ಯೆ, ಕ್ಲಿಪ್ ಸಂಖ್ಯೆ ಎಲ್ಲವೂ ಹೆಸರಿನಲ್ಲೇ ಸೇರಿರುತ್ತವೆ. ಎರಡು ಕ್ಲಿಪ್‌ಗಳಿಗೆ ಒಂದೇ ಹೆಸರು ಬರುವುದು ಅಪರೂಪ.

ತೊಂದರೆ ಇರುವುದು ಮದುವೆ, ಕಿರುಚಿತ್ರ, ಸಾಕ್ಷ್ಯಚಿತ್ರಗಳಲ್ಲಿ ಬಳಸುವ ಸಣ್ಣ ಕ್ಯಾಮೆರಾಗಳಲ್ಲಿ. ಸೋನಿಯನ್ನೇ ತೆಗೆದುಕೊಳ್ಳಿ. ಕಾರ್ಡ್ ಫಾರ್ಮ್ಯಾಟ್ ಮಾಡಿದಾಗ ಎಣಿಕೆ ಮತ್ತೆ ಸಿ0001ರಿಂದ ಶುರುವಾಗುವಂತೆ ಸೆಟ್ ಆಗಿದ್ದರೆ, ಮೂರು ದಿನದ ಶೂಟಿಂಗ್‌ನಲ್ಲಿ ಎರಡು ಕ್ಯಾಮೆರಾಗಳ ಕಾರ್ಡ್‌ಗಳೆಲ್ಲ ಸೇರಿ ಅದೇ ಹೆಸರಿನ ಫೈಲ್‌ಗಳ ರಾಶಿಯೇ ಬೀಳುತ್ತದೆ. ಇವಕ್ಕೆ ಮಾಡಿದ ಪ್ರಾಕ್ಸಿಗಳನ್ನು ಒಂದೇ ಫೋಲ್ಡರ್‌ಗೆ ಹಾಕಿದರೆ ಒಂದು ಇನ್ನೊಂದನ್ನು ಅಳಿಸುತ್ತದೆ, ಇಲ್ಲವೇ ಹೆಸರಿನ ಕೊನೆಗೆ ತಾನಾಗಿ ಒಂದು ಅಂಕಿ ಅಂಟಿಕೊಳ್ಳುತ್ತದೆ. ಎರಡೂ ಕೆಟ್ಟದ್ದೇ. ಎ7ಎಸ್ 3, ಎಫ್‌ಎಕ್ಸ್3 ಥರದ ಕ್ಯಾಮೆರಾಗಳ ಮೆನುವಿನಲ್ಲಿ ‘ಫೈಲ್ ಸೆಟ್ಟಿಂಗ್ಸ್’ ಒಳಗೆ ಫೈಲ್ ನಂಬರನ್ನು ‘ಸೀರೀಸ್’ಗೆ ಇಡಬಹುದು, ಹೆಸರಿನ ಮುಂದೆ ನಿಮ್ಮದೇ ಟೈಟಲ್ ಅಥವಾ ದಿನಾಂಕ ಸೇರಿಸಬಹುದು. ಶೂಟಿಂಗ್‌ಗೆ ಮುಂಚೆ ಎರಡು ನಿಮಿಷ ಕೊಟ್ಟರೆ ಇಷ್ಟು ಮುಗಿಯುತ್ತದೆ. ಅದು ತಪ್ಪಿಹೋಗಿದ್ದರೆ, ಕಾರ್ಡ್‌ನಿಂದ ಡಿಸ್ಕ್‌ಗೆ ಇಳಿಸಿದ ಕೂಡಲೇ ಕಾಪಿಯಲ್ಲಿ ‘ಎ003_ಸಿ0012’ ಎಂಬ ಮಾದರಿಯಲ್ಲಿ ಹೆಸರು ಬದಲಿಸಿ. ಪ್ರಾಕ್ಸಿ ಮಾಡುವುದು ಅದಾದ ಮೇಲೆಯೇ. ಹೆಸರುಗಳು ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್‌ಗಳಲ್ಲಿ ಮಾತ್ರ ಇರಲಿ. ಕನ್ನಡದ ಹೆಸರುಗಳು ಎಕ್ಸ್‌ಎಂಎಲ್‌ನಲ್ಲಿ ಶೇಕಡಾ ಚಿಹ್ನೆಗಳ ಸಾಲಾಗುತ್ತವೆ, ಇಡಿಎಲ್‌ನಲ್ಲಿ ಉಳಿಯುವ ಭರವಸೆಯೇ ಇಲ್ಲ.

ಸೋನಿ ಕ್ಯಾಮೆರಾ ತಾನೇ ಬರೆಯುವ ಪ್ರಾಕ್ಸಿಗಳಿಗೆ ಇನ್ನೊಂದು ಸಿಕ್ಕು ಇದೆ. ಮೂಲ ‘ಸಿ0001’ ಆದರೆ ಪ್ರಾಕ್ಸಿ ‘ಸಿ0001ಎಸ್03’. ಈ ಬಾಲ ಕತ್ತರಿಸದೆ ಎಡಿಟ್ ಶುರು ಮಾಡಿದರೆ ಹೆಸರಿನ ಹೊಂದಿಕೆ ತಾನಾಗಿ ಆಗುವುದಿಲ್ಲ. ಪ್ರೀಮಿಯರ್ ತಾನೇ ಮಾಡುವ ಪ್ರಾಕ್ಸಿಗಳ ‘_ಪ್ರಾಕ್ಸಿ’ ಎಂಬ ಬಾಲದ ಕಥೆಯೂ ಇದೇ.

ಟೈಮ್‌ಕೋಡ್ ವಿಷಯ ಇದಕ್ಕಿಂತ ಸೂಕ್ಷ್ಮ. ಅಗ್ಗದ ಕನ್ವರ್ಟರ್‌ಗಳಲ್ಲಿ ಪ್ರಾಕ್ಸಿ ಮಾಡಿದರೆ ಮೂಲದ ಟೈಮ್‌ಕೋಡ್ ಉದುರಿಹೋಗಿ ಪ್ರತಿ ಕ್ಲಿಪ್ 00:00:00:00ಯಿಂದ ಶುರುವಾಗುತ್ತದೆ. ಮೂಲ ಮಾತ್ರ 14:22:10:05ರಿಂದ. ಆಗ ರಿಸಾಲ್ವ್‌ಗೆ ಹೆಸರು ಸಿಕ್ಕರೂ ಬೇಕಾದ ಫ್ರೇಮ್ ಸಿಗುವುದಿಲ್ಲ, ಕ್ಲಿಪ್ ಕೆಂಪಾಗಿ ನಿಲ್ಲುತ್ತದೆ. ಪ್ರಾಕ್ಸಿಯೂ ಮೂಲವೂ ಒಂದೇ ಉದ್ದ ಇವೆ ಎಂದು ಖಾತ್ರಿಯಿದ್ದರೆ, ರಿಸಾಲ್ವ್‌ನಲ್ಲಿ ಮೂಲ ಕ್ಲಿಪ್‌ಗಳನ್ನು ಆರಿಸಿ ‘ಕ್ಲಿಪ್ ಅಟ್ರಿಬ್ಯೂಟ್ಸ್’ನ ಟೈಮ್‌ಕೋಡ್ ಭಾಗದಲ್ಲಿ ಆರಂಭವನ್ನು ಸೊನ್ನೆಗೆ ತಂದರೆ ಹೊಂದಿಕೊಳ್ಳುತ್ತದೆ. ಕ್ಯಾಮೆರಾ ಫೈಲ್‌ಗೆ ಇದರಿಂದ ಏನೂ ಆಗುವುದಿಲ್ಲ, ಬದಲಾಗುವುದು ಪ್ರಾಜೆಕ್ಟ್ ಒಳಗಿನ ಲೆಕ್ಕ ಮಾತ್ರ.

ಫ್ರೇಮ್ ರೇಟ್ ತಪ್ಪಿದರೆ ಮಾತ್ರ ಇಷ್ಟು ಸುಲಭದ ಮದ್ದಿಲ್ಲ. 23.976ರ ಫೂಟೇಜ್‌ಗೆ 24ರ ಪ್ರಾಕ್ಸಿ ಮಾಡಿದರೆ ಗಂಟೆಗೆ 3.6 ಸೆಕೆಂಡ್ ಸರಿದುಹೋಗುತ್ತದೆ. ಮೊಬೈಲ್ ಫೂಟೇಜ್‌ನಲ್ಲಿ ಫ್ರೇಮ್ ರೇಟ್ ಏರಿಳಿಯುವುದರಿಂದ ಅದನ್ನು ಮೊದಲೇ ಸ್ಥಿರ ರೇಟ್‌ಗೆ ಪರಿವರ್ತಿಸಿ, ಆ ಪರಿವರ್ತಿತ ಫೈಲನ್ನೇ ‘ಮೂಲ’ ಎಂದು ಇಟ್ಟುಕೊಳ್ಳಿ. ಸ್ಲೋಮೋಷನ್‌ಗೆ 50ರಲ್ಲಿ ತೆಗೆದ ಕ್ಲಿಪ್‌ನ ಪ್ರಾಕ್ಸಿಯೂ 50ರಲ್ಲೇ ಇರಬೇಕು.

ಉಳಿದದ್ದು ಚಿತ್ರದ ಆಕಾರ. 4448×3096ರ ಓಪನ್ ಗೇಟ್ (ಸೆನ್ಸರ್ ಪೂರ್ತಿ ಬಳಸಿದ) ಫೂಟೇಜನ್ನು 1920×1080ಕ್ಕೆ ಕತ್ತರಿಸಿ ಪ್ರಾಕ್ಸಿ ಮಾಡಿದರೆ ಎಡಿಟರ್ ಕೊಟ್ಟ ಫ್ರೇಮಿಂಗ್ ಒಂದೂ ಮೂಲದ ಮೇಲೆ ಕೂರುವುದಿಲ್ಲ. ಅರ್ಧಕ್ಕೆ ಇಳಿಸಿ, ಅಂದರೆ 2224×1548. ಆಕಾರ ಉಳಿಯುತ್ತದೆ.

ಇನ್ನು ಮೂರು ಪ್ರಶ್ನೆ

ಕಟ್‌ಗಳಷ್ಟೇ ಹೋದರೆ ಸಾಕೇ, ಜೂಮ್, ಸ್ಪೀಡ್, ಮಲ್ಟಿಕ್ಯಾಮ್‌ಗಳೂ (ಹಲವು ಕ್ಯಾಮೆರಾಗಳನ್ನು ಜೋಡಿಸಿದ ಕ್ಲಿಪ್) ಹೋಗಬೇಕೇ? ಗ್ರೇಡಿಂಗ್ ನಡೆಯುವಾಗ ಎಡಿಟ್ ಬದಲಾಗುವ ಸಂಭವ ಎಷ್ಟು? ಗ್ರೇಡ್ ಮಾಡುವ ಕಂಪ್ಯೂಟರ್ ಯಾವುದು, ಕೈಯಲ್ಲಿರುವ ಲೈಸೆನ್ಸ್ ಯಾವುದು? ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ರಿಸಾಲ್ವ್‌ನ ಉಚಿತ ಆವೃತ್ತಿ ವಿಂಡೋಸ್‌ನಲ್ಲಿ 10 ಬಿಟ್ 4:2:2ರ ಎಷ್ಟೋ ಎಚ್.264, ಎಚ್.265 ಫೈಲ್‌ಗಳನ್ನು ತೆರೆಯುವುದಿಲ್ಲ. ‘ಮೀಡಿಯಾ ಆಫ್‌ಲೈನ್’ ಎಂದು ಕಂಡಾಗ ರೀಲಿಂಕ್ ಕೆಟ್ಟಿದೆ ಎಂದುಕೊಂಡು ಇಡೀ ದಿನ ಅದರ ಹಿಂದೆ ಬೀಳುವವರಿದ್ದಾರೆ. ಮೂಲದ ಒಂದು ಫೈಲನ್ನು ನೇರವಾಗಿ ಮೀಡಿಯಾ ಪೂಲ್‌ಗೆ ಎಳೆದು ಹಾಕಿ ಪ್ಲೇ ಮಾಡಿ ನೋಡುವುದು ಎಲ್ಲಕ್ಕಿಂತ ಮೊದಲ ಪರೀಕ್ಷೆ.

ದಾರಿ ಒಂದು: ಎಲ್ಲವೂ ರಿಸಾಲ್ವ್‌ನಲ್ಲೇ

ಹೊಸದಾಗಿ ಶುರು ಮಾಡುತ್ತಿದ್ದೀರಿ, ಎಡಿಟ್ ಮತ್ತು ಗ್ರೇಡ್ ಎರಡೂ ನಿಮ್ಮದೇ, ಬಜೆಟ್ ಸಣ್ಣದು ಎಂದಾದರೆ ಇದೇ ಸರಿ. ಬ್ಲ್ಯಾಕ್‌ಮ್ಯಾಜಿಕ್ ಪ್ರಾಕ್ಸಿ ಜನರೇಟರ್ ಉಚಿತ. ಒಂದು ಫೋಲ್ಡರ್ ತೋರಿಸಿದರೆ ಮೂಲದ ಪಕ್ಕದಲ್ಲೇ ‘ಪ್ರಾಕ್ಸಿ’ ಎಂಬ ಉಪಫೋಲ್ಡರ್ ಮಾಡಿ ಅದರೊಳಗೆ ಪ್ರಾಕ್ಸಿಗಳನ್ನು ಇಡುತ್ತದೆ, ರಿಸಾಲ್ವ್ ಅವನ್ನು ತಾನೇ ಗುರುತಿಸುತ್ತದೆ. ‘ಪ್ಲೇಬ್ಯಾಕ್’ ಮೆನುವಿನ ‘ಪ್ರಾಕ್ಸಿ ಹ್ಯಾಂಡ್ಲಿಂಗ್’ನಲ್ಲಿ ಪ್ರಾಕ್ಸಿಯಿಂದ ಮೂಲಕ್ಕೆ ಒಂದೇ ಕ್ಲಿಕ್‌ನಲ್ಲಿ ಹೊರಳಬಹುದು. ಟೈಮ್‌ಲೈನ್ ಎಲ್ಲಿಗೂ ದಾಟಬೇಕಿಲ್ಲವಾದ್ದರಿಂದ ಜೂಮ್, ಸ್ಪೀಡ್, ಟೈಟಲ್ ಯಾವುದೂ ಕಳೆಯುವುದಿಲ್ಲ.

ಉಚಿತ ಆವೃತ್ತಿಯ ಔಟ್‌ಪುಟ್ ಮಿತಿ 3840×2160, ಸೆಕೆಂಡಿಗೆ 60 ಫ್ರೇಮ್. ಯೂಟ್ಯೂಬ್, ಮದುವೆ, 2ಕೆ ಚಿತ್ರೋತ್ಸವದ ಪ್ರತಿಗೆ ಇಷ್ಟು ಸಾಕು. ಚಿತ್ರಮಂದಿರಕ್ಕೆ 4096 ಅಗಲದ 4ಕೆ ಪ್ರತಿ ಬೇಕಾದರೆ ಸ್ಟುಡಿಯೋ ಆವೃತ್ತಿ ಕೊಳ್ಳಬೇಕು. ಅದರ ಬೆಲೆ 295 ಡಾಲರ್, ಒಮ್ಮೆ ಕೊಟ್ಟರೆ ಆಯಿತು. ಪ್ರೀಮಿಯರ್‌ಗೆ ಕಟ್ಟುವ ಚಂದಾದ ಜೊತೆ ಹೋಲಿಸಿ ಲೆಕ್ಕ ಹಾಕಿ. ಈಗಾಗಲೇ ಬೇರೆ ಸಾಫ್ಟ್‌ವೇರ್‌ನಲ್ಲಿ ಕೈ ಪಳಗಿದ ಎಡಿಟರನ್ನು ಇದಕ್ಕೆಂದು ಎಳೆದು ತರುವುದು ಮಾತ್ರ ನಷ್ಟದ ಬಾಬ್ತು. ಸಿನಿಮಾದ ಲಯ ಅವರ ಕೈಯಲ್ಲಿದೆ.

ದಾರಿ ಎರಡು: ಪ್ರೀಮಿಯರ್‌ನಿಂದ ರಿಸಾಲ್ವ್‌ಗೆ, ಎಕ್ಸ್‌ಎಂಎಲ್ ಮೂಲಕ

ಪ್ರೀಮಿಯರ್ ಕೊಡುವುದು ಹಳೆಯ ಫೈನಲ್ ಕಟ್ 7ರ ಎಕ್ಸ್‌ಎಂಎಲ್. ಹಲವು ಟ್ರ್ಯಾಕ್, ಜೂಮ್, ಪೊಸಿಷನ್, ಓಪಾಸಿಟಿ, ಏಕರೂಪದ ಸ್ಪೀಡ್, ಡಿಸಾಲ್ವ್ ಇದರಲ್ಲಿ ದಾಟುತ್ತವೆ. ಟೈಮ್ ರಿಮ್ಯಾಪಿಂಗ್‌ನ ಏರಿಳಿತ, ನೆಸ್ಟ್‌ಗಳು (ಸೀಕ್ವೆನ್ಸ್ ಒಳಗಿನ ಸೀಕ್ವೆನ್ಸ್), ವಾರ್ಪ್ ಸ್ಟೆಬಿಲೈಜರ್, ಟೈಟಲ್‌ಗಳ ಮೇಲೆ ಭರವಸೆ ಇಡಬೇಡಿ.

ಇಲ್ಲಿ ಕವಲು ಎರಡು. ಮೂಲವನ್ನು ಇಂಪೋರ್ಟ್ ಮಾಡಿ ಅದಕ್ಕೆ ಪ್ರಾಕ್ಸಿ ಅಟ್ಯಾಚ್ ಮಾಡಿದ್ದರೆ ಎಕ್ಸ್‌ಎಂಎಲ್‌ನಲ್ಲಿ ಮೂಲದ ಹೆಸರೇ ಹೋಗುತ್ತದೆ, ಅರ್ಧ ಕೆಲಸ ಆದಂತೆ. ಅಟ್ಯಾಚ್ ಆಗಲು ಪ್ರಾಕ್ಸಿಯ ಆಡಿಯೋ ಚಾನೆಲ್‌ಗಳ ಸಂಖ್ಯೆ ಮೂಲದಷ್ಟೇ ಇರಬೇಕು. ನಾಲ್ಕು ಚಾನೆಲ್‌ನ ಮೂಲಕ್ಕೆ ಎರಡು ಚಾನೆಲ್‌ನ ಪ್ರಾಕ್ಸಿ ಕೂರುವುದಿಲ್ಲ. ಎಡಿಟರ್ ಕೈಗೆ ಮೂಲವೇ ಬಾರದೆ, ಪ್ರಾಕ್ಸಿಗಳಿರುವ ಡಿಸ್ಕ್ ಮಾತ್ರ ಬಂದು, ಅವನ್ನೇ ಇಂಪೋರ್ಟ್ ಮಾಡಿ ಕಟ್ ಮಾಡಿದ್ದರೆ ಅದು ಎರಡನೆಯ ಕವಲು. ಬೆಂಗಳೂರಿನ ಎಡಿಟರ್ ಬೇರೆ ಊರಿನ ನಿರ್ಮಾಣಕ್ಕೆ ಕೆಲಸ ಮಾಡುವಾಗ ಹೀಗಾಗುವುದು ಸಾಮಾನ್ಯ. ಆಗ ಎರಡು ಆಯ್ಕೆ.

ಮೂಲದ ಡಿಸ್ಕ್ ಎಡಿಟರ್ ಬಳಿಗೆ ಬರಬಹುದಾದರೆ ಪ್ರೀಮಿಯರ್‌ನಲ್ಲೇ ಜೋಡಿಸುವುದು ನನ್ನ ಮೊದಲ ಆಯ್ಕೆ, ಏಕೆಂದರೆ ತಪ್ಪು ಕಂಡರೆ ಎಡಿಟ್ ಗೊತ್ತಿರುವವರ ಕಣ್ಣಿಗೇ ಕಾಣುತ್ತದೆ. ಪ್ರಾಜೆಕ್ಟನ್ನು ಕಾಪಿ ಮಾಡಿ, ಕ್ಲಿಪ್‌ಗಳನ್ನು ‘ಮೇಕ್ ಆಫ್‌ಲೈನ್’ ಮಾಡಿ (ಫೈಲ್‌ಗಳು ಡಿಸ್ಕ್‌ನಲ್ಲಿ ಉಳಿಯುವ ಆಯ್ಕೆಯನ್ನೇ ಒತ್ತಿ), ಆಮೇಲೆ ‘ಲಿಂಕ್ ಮೀಡಿಯಾ’. ಆ ಕಿಟಕಿಯಲ್ಲಿ ‘ಫೈಲ್ ನೇಮ್’ ಮತ್ತು ‘ಮೀಡಿಯಾ ಸ್ಟಾರ್ಟ್’ ಟಿಕ್ ಇರಲಿ, ‘ಫೈಲ್ ಎಕ್ಸ್‌ಟೆನ್ಷನ್’ ಟಿಕ್ ತೆಗೆಯಿರಿ. ಪ್ರಾಕ್ಸಿ ಎಂಓವಿ, ಮೂಲ ಎಂಪಿ4 ಆಗಿರಬಹುದು.

ಡಿಸ್ಕ್ ಗ್ರೇಡಿಂಗ್ ಸ್ಟುಡಿಯೋದಲ್ಲೇ ಇದ್ದರೆ ಜೋಡಣೆ ರಿಸಾಲ್ವ್‌ನಲ್ಲಿ. ಪ್ರೀಮಿಯರ್‌ನಲ್ಲಿ ಸೀಕ್ವೆನ್ಸ್ ಕಾಪಿ ಮಾಡಿ, ಮಲ್ಟಿಕ್ಯಾಮ್‌ಗಳನ್ನು ‘ಫ್ಲ್ಯಾಟನ್’ ಮಾಡಿ, ಆರಿಸಿಟ್ಟ ಪರ್ಯಾಯ ಟೇಕ್‌ಗಳನ್ನು ತೆಗೆದು, ಸಾಧ್ಯವಾದಷ್ಟು ಕ್ಲಿಪ್‌ಗಳನ್ನು ಮೊದಲ ವಿಡಿಯೋ ಟ್ರ್ಯಾಕ್ ವಿ1ಕ್ಕೆ ಇಳಿಸಿ ಎಕ್ಸ್‌ಎಂಎಲ್ ತೆಗೆಯಿರಿ. ರಿಸಾಲ್ವ್‌ನಲ್ಲಿ ಪ್ರಾಜೆಕ್ಟ್ ಶುರು ಮಾಡಿದ ತಕ್ಷಣ ಟೈಮ್‌ಲೈನ್ ಫ್ರೇಮ್ ರೇಟ್ ಹೊಂದಿಸಿ. ಮೀಡಿಯಾ ಸೇರಿದ ಮೇಲೆ ಅದು ಬದಲಾಗುವುದಿಲ್ಲ. 50ರಲ್ಲಿ ತೆಗೆದು ಪ್ರೀಮಿಯರ್‌ನಲ್ಲಿ 25ಕ್ಕೆ ‘ಇಂಟರ್‌ಪ್ರೆಟ್’ ಮಾಡಿದ ಕ್ಲಿಪ್‌ಗಳಿದ್ದರೆ ಇಲ್ಲೂ ಕ್ಲಿಪ್ ಅಟ್ರಿಬ್ಯೂಟ್ಸ್‌ನಲ್ಲಿ 25 ಮಾಡಿ. ಮೂಲ ಫೈಲ್‌ಗಳನ್ನಷ್ಟೇ ಮೀಡಿಯಾ ಪೂಲ್‌ಗೆ ತನ್ನಿ. ಆಮೇಲೆ ಟೈಮ್‌ಲೈನ್ ಇಂಪೋರ್ಟ್. ಬರುವ ಕಿಟಕಿಯಲ್ಲಿ ‘ಆಟೊಮ್ಯಾಟಿಕಲಿ ಇಂಪೋರ್ಟ್ ಸೋರ್ಸ್ ಕ್ಲಿಪ್ಸ್’ ಟಿಕ್ ತೆಗೆಯಿರಿ, ‘ಇಗ್ನೋರ್ ಫೈಲ್ ಎಕ್ಸ್‌ಟೆನ್ಷನ್ಸ್ ವೆನ್ ಮ್ಯಾಚಿಂಗ್’ ಟಿಕ್ ಹಾಕಿ. ಮೊದಲನೆಯದನ್ನು ಮರೆತು, ಪ್ರಾಕ್ಸಿಯ ಡಿಸ್ಕೂ ಜೋಡಿಸಿಕೊಂಡೇ ಇದ್ದರೆ ಎಲ್ಲ ಕ್ಲಿಪ್ ಸಲೀಸಾಗಿ ಸಿಕ್ಕಂತೆ ಕಾಣುತ್ತದೆ, ಗ್ರೇಡ್ ಮಾತ್ರ ಪ್ರಾಕ್ಸಿಯ ಮೇಲೆ ನಡೆಯುತ್ತಿರುತ್ತದೆ. ಕನ್ಫರ್ಮ್, ಅಂದರೆ ಎಡಿಟನ್ನು ಮೂಲ ಫೈಲ್‌ಗಳ ಮೇಲೆ ಮರುಜೋಡಿಸುವುದು, ಮುಗಿಯುವವರೆಗೆ ಪ್ರಾಕ್ಸಿ ಡಿಸ್ಕನ್ನು ಬಿಚ್ಚಿಡುವುದು ಅತ್ಯಂತ ಸರಳ ಎಚ್ಚರಿಕೆ.

ಹೆಸರಿನಲ್ಲಿ ‘_ಪ್ರಾಕ್ಸಿ’ ಬಾಲ ಉಳಿದಿದ್ದರೆ ಎಕ್ಸ್‌ಎಂಎಲ್‌ನ ಕಾಪಿಯೊಂದನ್ನು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ಆ ಪದವನ್ನು ಹುಡುಕಿ ಖಾಲಿಯಿಂದ ಬದಲಿಸಿ. ಎಕ್ಸ್‌ಎಂಎಲ್ ಎಂದರೆ ಓದಬಹುದಾದ ಪಠ್ಯವೇ, ಹೆದರಬೇಕಿಲ್ಲ. ರೆಡ್ ಫೈಲ್‌ಗಳ ಕೊನೆಯಲ್ಲಿ ಬರುವ ‘_001’ ಕಾರಣಕ್ಕೆ ಹೆಸರು ಹೊಂದದಿದ್ದರೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಕನ್ಫರ್ಮ್ ಆಯ್ಕೆಗಳಲ್ಲಿ ರೀಲ್ ಹೆಸರಿನ ನೆರವು ಆನ್ ಮಾಡಿ.

ಜೂಮ್ ಬಗ್ಗೆ ಹತ್ತಿರದಿಂದ ನೋಡಲೇಬೇಕು, ಇಲ್ಲಿ ಸಿಕ್ಕಿಬೀಳುವವರೇ ಹೆಚ್ಚು. 1920ರ ಟೈಮ್‌ಲೈನ್‌ನಲ್ಲಿ 1920ರ ಪ್ರಾಕ್ಸಿಯನ್ನು ಎಡಿಟರ್ 120ಕ್ಕೆ ಜೂಮ್ ಮಾಡಿದ್ದಾರೆ ಎನ್ನಿ. 3840ರ ಮೂಲದ ಮೇಲೆ ಅದೇ ಫ್ರೇಮಿಂಗ್‌ಗೆ ಬೇಕಾದ್ದು 60. ರಿಸಾಲ್ವ್‌ನ ಇನ್‌ಪುಟ್ ಸ್ಕೇಲಿಂಗ್ ‘ಸ್ಕೇಲ್ ಎಂಟೈರ್ ಇಮೇಜ್ ಟು ಫಿಟ್’ನಲ್ಲಿದ್ದರೆ ಮೂಲ ಮೊದಲು ಫ್ರೇಮ್‌ಗೆ ಹೊಂದಿ, ಅದರ ಮೇಲೆ 1.2 ಜೂಮ್ ಕೂರುತ್ತದೆ. ‘ಸೆಂಟರ್ ಕ್ರಾಪ್’ನಲ್ಲಿದ್ದರೆ ಅದೇ ಶಾಟ್ ಎರಡು ಪಟ್ಟು ದೊಡ್ಡದಾಗಿ, ಮುಖದ ಬದಲು ಮೂಗು ಮಾತ್ರ ಕಾಣುತ್ತದೆ. ಎಲ್ಲ ಶಾಟ್‌ಗಳೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗಿದ್ದರೆ ಈ ಸೆಟ್ಟಿಂಗ್ ನೋಡಿ. ಕೆಲವು ಮಾತ್ರ ತಪ್ಪಿದ್ದರೆ ಆ ಕ್ಲಿಪ್‌ಗಳಿಗೆ ಪ್ರೀಮಿಯರ್‌ನಲ್ಲಿ ‘ಸ್ಕೇಲ್ ಟು ಫ್ರೇಮ್ ಸೈಜ್’ ಹಾಕಿದ್ದಾರೆಯೇ ಕೇಳಿ. ಅದು ಸ್ಕೇಲ್ ಅಂಕಿಯಾಗಿ ಎಕ್ಸ್‌ಎಂಎಲ್‌ಗೆ ಹೋಗುವುದಿಲ್ಲ. ‘ಸೆಟ್ ಟು ಫ್ರೇಮ್ ಸೈಜ್’ ಹೋಗುತ್ತದೆ.

ದಾರಿ ಮೂರು: ಫೈನಲ್ ಕಟ್ ಪ್ರೊ

ಮ್ಯಾಕ್ ಇದ್ದವರಿಗೆ ಮಾತ್ರ. ಪ್ರಾಕ್ಸಿಯನ್ನು ಫೈನಲ್ ಕಟ್ಟೇ ಮಾಡಿದ್ದರೆ ಲೈಬ್ರರಿಗೆ ಮೂಲ ಯಾವುದೆಂದು ಗೊತ್ತಿರುತ್ತದೆ, ಎಫ್‌ಸಿಪಿಎಕ್ಸ್‌ಎಂಎಲ್ (ಫೈನಲ್ ಕಟ್ ಪ್ರೊದ ಎಕ್ಸ್‌ಎಂಎಲ್) ಕೂಡ ಮೂಲವನ್ನೇ ತೋರಿಸುತ್ತದೆ. ಮಲ್ಟಿಕ್ಯಾಮ್ ಮತ್ತು ಕಾಂಪೌಂಡ್ ಕ್ಲಿಪ್‌ಗಳು ಪ್ರೀಮಿಯರ್ ದಾರಿಗಿಂತ ಚೆನ್ನಾಗಿ ದಾಟುತ್ತವೆ. ಹೊರಗಿನ ಪ್ರಾಕ್ಸಿಯಲ್ಲಿ ಕಟ್ ಮಾಡಿದ್ದರೆ ‘ರೀಲಿಂಕ್ ಫೈಲ್ಸ್’ ಇದೆ. ರೆಸಲ್ಯೂಷನ್, ಕೋಡೆಕ್ ಬೇರೆ ಇದ್ದರೂ ಒಪ್ಪುತ್ತದೆ, ಆದರೆ ಫ್ರೇಮ್ ರೇಟ್ ಅದೇ ಇರಬೇಕು, ಆಡಿಯೋ ಚಾನೆಲ್‌ಗಳು ಹೊಂದಬೇಕು, ಬಳಸಿದ ಭಾಗವೆಲ್ಲ ಸಿಗುವಷ್ಟು ಉದ್ದ ಇರಬೇಕು. ಇದರಲ್ಲಿ ಫೈನಲ್ ಕಟ್ ಪ್ರೀಮಿಯರ್‌ಗಿಂತ ಕಟ್ಟುನಿಟ್ಟು, ಆ ಕಟ್ಟುನಿಟ್ಟಿನಿಂದ ತಪ್ಪು ಬೇಗ ಬಯಲಾಗುತ್ತದೆ.

ಇಲ್ಲಿ ಎಡವುವುದು ಆವೃತ್ತಿಯಲ್ಲಿ. ಹೊಸ ಫೈನಲ್ ಕಟ್‌ನ ಎಕ್ಸ್‌ಎಂಎಲನ್ನು ಹಳೆಯ ರಿಸಾಲ್ವ್ ಓದದಿದ್ದರೆ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಹಿಂದಿನ ಎಕ್ಸ್‌ಎಂಎಲ್ ಆವೃತ್ತಿ ಆರಿಸಿ. ಬಂದದ್ದು ಒಂದು ಬಂಡಲ್ ಆಗಿದ್ದರೆ ‘ಶೋ ಪ್ಯಾಕೇಜ್ ಕಂಟೆಂಟ್ಸ್’ ಮಾಡಿ ಒಳಗಿನ ‘ಇನ್ಫೋ’ ಹೆಸರಿನ ಫೈಲನ್ನು ಕೊಡಬಹುದು.

ದಾರಿ ನಾಲ್ಕು: ಆ್ಯವಿಡ್ ಮತ್ತು ಎಎಎಫ್

ದೊಡ್ಡ ಸಿನಿಮಾ, ಸರಣಿ, ಇಬ್ಬರು ಮೂವರು ಎಡಿಟರ್‌ಗಳು ಒಂದೇ ಪ್ರಾಜೆಕ್ಟ್‌ನಲ್ಲಿದ್ದರೆ ಆ್ಯವಿಡ್ ಎಂಬ ಎಡಿಟ್ ಸಾಫ್ಟ್‌ವೇರ್‌ನಷ್ಟು ಗಟ್ಟಿ ದಾರಿ ಬೇರೆಯಿಲ್ಲ. ಪ್ರಾಕ್ಸಿಗಳನ್ನು ರಿಸಾಲ್ವ್‌ನ ಡೆಲಿವರ್ ಪುಟದಲ್ಲಿ ‘ಆ್ಯವಿಡ್ ಎಎಎಫ್’ ಪ್ರಿಸೆಟ್‌ನಿಂದ ಡಿಎನ್‌ಎಕ್ಸ್‌ಎಚ್‌ಡಿ 36 ಕೋಡೆಕ್‌ನಲ್ಲಿ ತೆಗೆದರೆ ರೀಲ್ ಹೆಸರು, ಟೈಮ್‌ಕೋಡ್ ಎಂಎಕ್ಸ್‌ಎಫ್ ವಿಡಿಯೋ ಫೈಲ್ ಒಳಗೇ ಹೋಗುತ್ತವೆ. ಗಂಟೆಯೊಂದಕ್ಕೆ ಸುಮಾರು 16 ಜಿಬಿ ಜಾಗ ಸಾಕು. ಮರಳುವಾಗ ಸೀಕ್ವೆನ್ಸ್ ಕಾಪಿ ಮಾಡಿ, ಮಲ್ಟಿಕ್ಯಾಮ್ ಕಮಿಟ್ ಮಾಡಿ, ಮೀಡಿಯಾ ಸೇರಿಸದೆ ಲಿಂಕ್ ಮಾತ್ರ ಇರುವ ಎಎಎಫ್ ತೆಗೆಯಿರಿ. ಶಿಸ್ತು ಇಲ್ಲದ ಸಣ್ಣ ತಂಡಕ್ಕೆ ಆ್ಯವಿಡ್ ಭಾರವಾಗುತ್ತದೆ. ಅಸಿಸ್ಟೆಂಟ್ ಎಡಿಟರ್ ಇಲ್ಲದಿದ್ದರೆ ಈ ದಾರಿ ಹಿಡಿಯಬೇಡಿ.

ದಾರಿ ಐದು: ಇಡಿಎಲ್

ಸಾದಾ ಪಠ್ಯ, ಹೆಚ್ಚಿನ ಸಾಫ್ಟ್‌ವೇರ್‌ಗಳಿಗೆ ಓದಲು ಬರುತ್ತದೆ. ಎಡಿಯಸ್‌ನಲ್ಲಿ ಕಟ್ ಮಾಡುವ ಮದುವೆ ಎಡಿಟರ್‌ಗಳಿಗೂ ಇದು ಸಿಗುತ್ತದೆ. ಸಿಎಂಎಕ್ಸ್ 3600 ಮಾದರಿಯಲ್ಲಿ ಒಂದೇ ವಿಡಿಯೋ ಟ್ರ್ಯಾಕ್, 999 ಈವೆಂಟ್ (ಕಟ್), ಮೂಲ ನಿಯಮದ ಪ್ರಕಾರ ರೀಲ್ ಹೆಸರಿಗೆ ಎಂಟೇ ಅಕ್ಷರ. ಜೂಮ್, ಪೊಸಿಷನ್ ಹೋಗುವುದಿಲ್ಲ. ಟ್ರ್ಯಾಕ್‌ಗೊಂದು ಇಡಿಎಲ್ ತೆಗೆಯಬೇಕು. ಒಂದೇ ಟ್ರ್ಯಾಕ್‌ನ ಸರಳ ಕಟ್‌ಗೆ, ಮತ್ತೆ ಉಳಿದ ದಾರಿ ಕೈಕೊಟ್ಟಾಗ ಆಸರೆಗೆ ಸರಿ. ಎಕ್ಸ್‌ಎಂಎಲ್ ಜೊತೆಗೆ ಇದನ್ನೂ ಕಳಿಸುವ ಅಭ್ಯಾಸ ಒಳ್ಳೆಯದು: ಒಂದು ಶಾಟ್ ಅನುಮಾನಾಸ್ಪದವಾದಾಗ ಇಡಿಎಲ್ ತೆರೆದು ಟೈಮ್‌ಕೋಡನ್ನು ಕಣ್ಣಾರೆ ಓದಬಹುದು.

ರೀಲಿಂಕ್ ಸಾಧ್ಯವೇ ಇಲ್ಲವಾದರೆ

ಹೆಸರು, ಟೈಮ್‌ಕೋಡ್ ಎರಡೂ ಕೆಟ್ಟಿವೆ, ಗಡುವು ನಾಡಿದ್ದು. ಮೂಲವನ್ನು ಎಡಿಟ್ ಸಾಫ್ಟ್‌ವೇರ್‌ನಲ್ಲೇ ಹೇಗೋ ಜೋಡಿಸಿಕೊಂಡು, ಬಣ್ಣ ಮುಟ್ಟದೆ, ಟೈಟಲ್ ಇಲ್ಲದೆ, ಪ್ರೊರೆಸ್ 4444ರಲ್ಲಿ ಒಂದೇ ಉದ್ದ ಫೈಲ್ ತೆಗೆಯಿರಿ. ರಿಸಾಲ್ವ್‌ನ ‘ಸೀನ್ ಕಟ್ ಡಿಟೆಕ್ಷನ್’ ಅದನ್ನು ಶಾಟ್‌ಗಳಾಗಿ ಕತ್ತರಿಸುತ್ತದೆ. ಇಡಿಎಲ್ ಇದ್ದರೆ ಅದರ ಪ್ರಕಾರವೇ ಕತ್ತರಿಸಬಹುದು, ಆಗ ಡಿಸಾಲ್ವ್‌ಗಳ ಜಾಗವೂ ತಪ್ಪುವುದಿಲ್ಲ. ಕಳೆದುಕೊಳ್ಳುವುದು ರಾ ಫೈಲ್‌ನ ಹಿಡಿತ ಮತ್ತು ಹ್ಯಾಂಡಲ್‌ಗಳನ್ನು (ಕಟ್‌ನ ಆಚೀಚೆ ಉಳಿಯುವ ಹೆಚ್ಚುವರಿ ಫ್ರೇಮ್). ಎಡಿಟ್ ಒಂದು ಫ್ರೇಮ್ ಬದಲಾದರೂ ಆ ಭಾಗ ಮತ್ತೆ ರೆಂಡರ್ ಆಗಬೇಕು. ಪಿಕ್ಚರ್ ಲಾಕ್ (ಎಡಿಟ್ ಅಂತಿಮಗೊಳ್ಳುವುದು) ನಿಜವಾಗಿಯೂ ಆಗಿರುವ ಸಣ್ಣ ಜಾಹೀರಾತು, ಹಾಡು, ಕಿರುಚಿತ್ರಕ್ಕೆ ಇದನ್ನು ಅಳುಕಿಲ್ಲದೆ ಆರಿಸಬಹುದು. ಎರಡು ಗಂಟೆಯ, ಇನ್ನೂ ಬದಲಾಗುತ್ತಿರುವ ಚಿತ್ರಕ್ಕೆ ಬೇಡ.

ಯಾವ ದಾರಿ ಹಿಡಿದರೂ ಕಳಿಸಬೇಕಾದ ಫೈಲ್

ಎಡಿಟ್ ಸಾಫ್ಟ್‌ವೇರ್‌ನಿಂದ, ಅದೇ ಫ್ರೇಮ್ ರೇಟ್‌ನಲ್ಲಿ, ಮೂಲೆಯಲ್ಲಿ ಟೈಮ್‌ಕೋಡ್ ಅಚ್ಚಾದ ಒಂದು ರೆಫರೆನ್ಸ್ ವಿಡಿಯೋ. ರಿಸಾಲ್ವ್‌ನಲ್ಲಿ ಅದನ್ನು ‘ಆಫ್‌ಲೈನ್ ರೆಫರೆನ್ಸ್ ಕ್ಲಿಪ್’ ಆಗಿ ಸೇರಿಸಿ, ಟೈಮ್‌ಲೈನ್‌ಗೆ ಜೋಡಿಸಿ, ವೈಪ್ ಹಾಕಿ ಶಾಟ್ ಶಾಟ್ ನೋಡಿ. ಇನ್ನೂ ವೇಗವಾಗಿ ಆಗಬೇಕಾದರೆ ರೆಫರೆನ್ಸನ್ನು ಮೇಲಿನ ಟ್ರ್ಯಾಕ್‌ನಲ್ಲಿಟ್ಟು ಕಾಂಪೊಸಿಟ್ ಮೋಡ್ ‘ಡಿಫರೆನ್ಸ್’ ಮಾಡಿ. ಹೊಂದಿದ ಶಾಟ್ ಹೆಚ್ಚುಕಡಿಮೆ ಕಪ್ಪಾಗುತ್ತದೆ, ಒಂದು ಫ್ರೇಮ್ ಸರಿದದ್ದು ಅಂಚುಗಳಲ್ಲಿ ಗೆರೆಯಾಗಿ ಹೊಳೆಯುತ್ತದೆ. ಪ್ರಾಕ್ಸಿಗೆ ಲಟ್ (ಬಣ್ಣ ಬದಲಿಸುವ ಫೈಲ್) ಹಾಕಿ ರೆಂಡರ್ ಮಾಡಿದ್ದರೆ ಬಣ್ಣದ ವ್ಯತ್ಯಾಸದಿಂದ ಪೂರ್ತಿ ಕಪ್ಪಾಗುವುದಿಲ್ಲ. ಆಗ ಆ ಲಟ್ ಫೈಲನ್ನೂ ತರಿಸಿಕೊಂಡು ಮೂಲದ ಮೇಲೆ ಹಾಕಿ ಹೋಲಿಸಿ. ಸ್ಪೀಡ್ ಬದಲಿಸಿದ ಶಾಟ್‌ಗಳನ್ನು ಆರಂಭ, ನಡು, ಕೊನೆ ಮೂರೂ ಕಡೆ ನಿಲ್ಲಿಸಿ ನೋಡಿ, ಏಕೆಂದರೆ ಅವು ಮೊದಲ ಫ್ರೇಮ್‌ನಲ್ಲಿ ಸರಿಯಾಗಿ ಕೂತು ಕೊನೆಯಲ್ಲಿ ಸರಿದಿರುತ್ತವೆ.